ಮಕ್ಕಳ ಉಬ್ಬಸ: ಗುರುತು ಹಿಡಿಯುವುದು, ಹತೋಟಿಯಲ್ಲಿಡುವುದು



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಮನೆಗಳಲ್ಲಿ ಈ ಒಂದು ಕಾಯಿಲೆಗೆ ನಾಲ್ಕು ಹೆಸರುಗಳಿವೆ. ಅಜ್ಜಿ 'ಗೂರಲು' ಎನ್ನುತ್ತಾಳೆ, ಅಪ್ಪ 'ದಮ್ಮು' ಎನ್ನುತ್ತಾನೆ, ಪುಸ್ತಕದಲ್ಲಿ 'ಉಬ್ಬಸ' ಎಂದಿರುತ್ತದೆ, ಡಾಕ್ಟರು ಚೀಟಿಯ ಮೇಲೆ 'ಅಸ್ತಮಾ' ಎಂದು ಬರೆಯುತ್ತಾರೆ. ಹೆಸರು ಇಷ್ಟೊಂದಿದ್ದರೂ ಅದು ಮನೆಯ ಮಗುವಿಗೇ ಬಂದಾಗ ಯಾವ ಹೆಸರನ್ನೂ ಹೇಳದೆ "ಏನಿಲ್ಲ ಬಿಡ್ರಿ, ಥಂಡಿ ಆಗೇತಿ" ಎಂದು ಮಾತು ಮುಗಿಸುವುದೇ ಹೆಚ್ಚು. ಹುಡುಗಿಯಾಗಿದ್ದರಂತೂ ಮುಂದೆ ಗಂಡಿನ ಕಡೆಯವರಿಗೆ ಗೊತ್ತಾದೀತೆಂಬ ಅಂಜಿಕೆಯಿಂದ ಔಷಧದ ಚೀಟಿಯನ್ನು ಟ್ರಂಕಿನ ತಳದಲ್ಲಿ ಇಡುವವರಿದ್ದಾರೆ. ಮುಚ್ಚಿಟ್ಟ ಕಾಯಿಲೆಗೆ ನಡುರಾತ್ರಿ ಔಷಧ ಹುಡುಕುವ ಪಾಡು ಬರುತ್ತದೆ.

ಪರದೆಯ ಮೇಲಿನ ಮಾತು ಗಂಟೆಯೊಳಗೆ ಮುಗಿದುಹೋಗುತ್ತದೆ. ಕೈಯಲ್ಲಿ ಹಿಡಿದು ಎರಡು ಸಲ ಓದಬೇಕಾದದ್ದನ್ನು ಇಲ್ಲಿ ಬರೆದಿದೆ. ಇದನ್ನು ತಂದೆತಾಯಿಗಳಿಗಿಂತ ಮೊದಲು ನಿಮಗೆ ಹೇಳಲು ಕಾರಣವಿದೆ. ಮಗುವಿಗೆ ಉಬ್ಬಸ ಕೆರಳುವುದು ಯಾವಾಗಲೂ ಮನೆಯಲ್ಲೇ ಅಲ್ಲ. ತರಗತಿಯಲ್ಲಿ, ಆಟದ ಬಯಲಿನಲ್ಲಿ, ಹಾಸ್ಟೆಲಿನ ಕೋಣೆಯಲ್ಲಿ, ಕಿಕ್ಕಿರಿದ ಬಸ್ಸಿನಲ್ಲಿ ಕೆರಳುತ್ತದೆ. ಆಗ ಪಕ್ಕದಲ್ಲಿ ಇರುವವರು ನೀವು. ನಿಮ್ಮಲ್ಲೇ ಕೆಲವರಿಗೆ ಅದು ಇರಲೂಬಹುದು. ಅದಕ್ಕೆ ಹೆಸರಿಡದೆ "ನನಗೆ ಓಡೋಕಾಗಲ್ಲ, ನಾನು ವೀಕು" ಎಂದುಕೊಂಡು ಗೋಡೆಗೆ ಒರಗಿ ನಿಂತಿರಬಹುದು.

ಉಸಿರಿನ ಕೊಳವೆಯಲ್ಲಿ ಆಗುವುದೇನು?

ಬೇರು ಮೇಲೆ, ಕೊಂಬೆ ಕೆಳಗೆ ಮಾಡಿದ ಒಂದು ಮರವನ್ನು ಊಹಿಸಿಕೊಳ್ಳಿ. ಗಂಟಲಿನಿಂದ ಇಳಿಯುವ ಶ್ವಾಸನಾಳ ಅದರ ಬೊಡ್ಡೆ. ಅದು ಎರಡಾಗಿ, ನಾಲ್ಕಾಗಿ, ನೂರಾರು ಸಾವಿರಾರು ಟಿಸಿಲುಗಳಾಗಿ ಒಡೆದು ಕೊನೆಗೆ ಎಲೆಗಳಂತಿರುವ ವಾಯುಕೋಶಗಳನ್ನು ಮುಟ್ಟುತ್ತದೆ. ಅಸ್ತಮಾದಲ್ಲಿ ಎಲೆಗಳು ಕೆಡುವುದಿಲ್ಲ, ಟಿಸಿಲುಗಳು ಕಿರಿದಾಗುತ್ತವೆ. ಅದೂ ಮೂರು ಕಾರಣದಿಂದ. ಕೊಳವೆಯ ಸುತ್ತ ಇರುವ ಸ್ನಾಯು ಬಿಗಿಯುತ್ತದೆ. ಒಳಗಿನ ಲೋಳೆಪೊರೆ ಊದಿಕೊಳ್ಳುತ್ತದೆ. ಅಂಟಂಟಾದ ಕಫ ದಾರಿಯನ್ನು ಅಡ್ಡಗಟ್ಟುತ್ತದೆ. ಬಿಗಿಯುವುದು ನಿಮಿಷಗಳ ಕೆಲಸ, ಊತ ದಿನ ವಾರಗಳ ಕೆಲಸ. ಈ ಒಂದು ವ್ಯತ್ಯಾಸ ನೆನಪಿರಲಿ. ಔಷಧ ಏಕೆ ಎರಡು ಬಗೆ ಎಂಬುದಕ್ಕೆ ಉತ್ತರ ಇದರಲ್ಲೇ ಇದೆ.

ಪಿಯುಸಿಯಲ್ಲಿ ವಿಜ್ಞಾನ ಓದುವವರು ಪಾಯ್ಸೂಲಿಯ ಸೂತ್ರವನ್ನು ಕಂಡಿರುತ್ತೀರಿ. 1840ರ ದಶಕದಲ್ಲಿ ಸಣ್ಣ ಕೊಳವೆಗಳಲ್ಲಿ ದ್ರವ ಹರಿಯುವ ಬಗೆಯನ್ನು ಅಳೆದ ಈತ ಫ್ರಾನ್ಸಿನ ಒಬ್ಬ ವೈದ್ಯ. ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ ಎಂದು ಆತ ತೋರಿಸಿದ. ಲೆಕ್ಕ ಹಾಕಿ ನೋಡಿ: ತ್ರಿಜ್ಯ ಐದರಲ್ಲಿ ಒಂದು ಪಾಲು ಕುಗ್ಗಿದರೆ ಹರಿವು 0.8 × 0.8 × 0.8 × 0.8, ಅಂದರೆ 0.41ಕ್ಕೆ ಇಳಿಯುತ್ತದೆ. ಅರ್ಧಕ್ಕೆ ಕುಗ್ಗಿದರೆ ಹದಿನಾರರಲ್ಲಿ ಒಂದು ಪಾಲು. ನಿಜವಾದ ಶ್ವಾಸಕೋಶದಲ್ಲಿ ಗಾಳಿ ಸುಳಿಸುತ್ತಿ ಹರಿಯುವುದರಿಂದ ಲೆಕ್ಕ ಇಷ್ಟು ಸರಳವಲ್ಲ. ಆದರೂ ಸಣ್ಣ ಊತಕ್ಕೆ ಏಕೆ ಇಷ್ಟು ದೊಡ್ಡ ಏದುಸಿರು ಎಂಬುದು ಅರ್ಥವಾಗುತ್ತದೆ. ಮಕ್ಕಳ ಕೊಳವೆ ಮೊದಲೇ ಸಣ್ಣದು. ದೊಡ್ಡವರಲ್ಲಿ ಕೆಮ್ಮಿನಷ್ಟಕ್ಕೇ ಮುಗಿಯುವ ಊತ ಮೂರು ವರ್ಷದ ಮಗುವಿನಲ್ಲಿ ಪಕ್ಕೆ ಒಳಗೆ ಸೆಳೆಯುವಂತೆ ಮಾಡುವುದು ಇದರಿಂದಲೇ.

ಇನ್ನೊಂದು ಮಾತು. ಉಬ್ಬಸದವರಿಗೆ ಉಸಿರು ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದು ಕಷ್ಟ. ಎಳೆಯುವಾಗ ಎದೆ ಹಿಗ್ಗಿ ಕೊಳವೆಗಳೂ ತುಸು ತೆರೆದುಕೊಳ್ಳುತ್ತವೆ; ಬಿಡುವಾಗ ಅವು ಮತ್ತೆ ಮುಚ್ಚಿಕೊಳ್ಳುತ್ತವೆ. ಒಳಗಿನ ಹಳೆಯ ಗಾಳಿ ಹೊರಬರದೆ ಹೊಸ ಗಾಳಿಗೆ ಜಾಗವಿರುವುದಿಲ್ಲ. 'ಸುಂಯ್' ಎಂಬ ಸಿಳ್ಳೆಯ ಸಪ್ಪಳ ಉಸಿರು ಬಿಡುವಾಗ ಹೆಚ್ಚಾಗಿ ಕೇಳುವುದೂ ಇದಕ್ಕೇ.

ಗುರುತು ಹಿಡಿಯುವುದು

ಒಂದು ಸಲ ಕೆಮ್ಮು ಬಂದರೆ ಅಸ್ತಮಾ ಅಲ್ಲ. ಅದು ಮರಳಿ ಮರಳಿ ಬರುವ ಕಾಯಿಲೆ. ನೆಗಡಿಯಾದಾಗಲೆಲ್ಲ ಎದೆಗೆ ಇಳಿಯುವುದು, ಬೇರೆ ಮಕ್ಕಳಿಗೆ ಐದು ದಿನದಲ್ಲಿ ಹೋಗುವ ಕೆಮ್ಮು ಈ ಮಗುವಿಗೆ ಮೂರು ವಾರ ನಿಲ್ಲುವುದು, ರಾತ್ರಿ ಎರಡು ಮೂರು ಗಂಟೆಗೆ ಕೆಮ್ಮಿ ಎದ್ದು ಕೂರುವುದು, ಓಡಿದರೆ ಅಥವಾ ಜೋರಾಗಿ ನಕ್ಕರೆ ಕೆಮ್ಮು ಬರುವುದು, ಎದೆಯಲ್ಲಿ ಸಿಳ್ಳೆ, ಬಿಗಿತ. ಇವುಗಳಲ್ಲಿ ಎರಡು ಮೂರು ಕೂಡಿ ಬಂದರೆ ವೈದ್ಯರಿಗೆ ತೋರಿಸಬೇಕು. ಮನೆಯಲ್ಲಿ ಯಾರಿಗಾದರೂ ದಮ್ಮು ಇದ್ದರೆ, ಮಗುವಿಗೆ ಚಿಕ್ಕಂದಿನಲ್ಲಿ ಇಸುಬು ಆಗಿದ್ದರೆ, ಬೆಳಿಗ್ಗೆ ಎದ್ದ ಕೂಡಲೆ ಸಾಲಾಗಿ ಸೀನುವ ರೂಢಿಯಿದ್ದರೆ ಅನುಮಾನ ಬಲವಾಗುತ್ತದೆ. ಸಿಳ್ಳೆ ಇಲ್ಲದೆ ಬರೀ ಕೆಮ್ಮಿನ ರೂಪದಲ್ಲಿ ಬರುವ ಉಬ್ಬಸವೂ ಉಂಟು. ಅದನ್ನೇ ಮನೆಯವರು ಹೆಚ್ಚಾಗಿ ಗುರುತಿಸದೆ ಬಿಡುತ್ತಾರೆ. ಇದು ಅಂಟುರೋಗವಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೂ ಊಟದ ತಾಟು ಬೇರೆ ಇಡುವ ಮನೆಗಳು ಇನ್ನೂ ಇರುವುದರಿಂದ ಹೇಳಿದ್ದೇನೆ.

ಐದಾರು ವರ್ಷ ದಾಟಿದ ಮಕ್ಕಳಲ್ಲಿ ಉಸಿರನ್ನು ಅಳೆದು ನೋಡಬಹುದು. ಇಂಗ್ಲೆಂಡಿನ ಮಾರ್ಟಿನ್ ರೈಟ್ 1959ರಲ್ಲಿ ಬಳಕೆಗೆ ತಂದ 'ಪೀಕ್ ಫ್ಲೋ ಮೀಟರ್' ಈಗ ಪ್ಲಾಸ್ಟಿಕ್ ಕೊಳವೆಯಷ್ಟು ಸಣ್ಣದಾಗಿದೆ. ನಿಂತುಕೊಂಡು ಆಳವಾಗಿ ಉಸಿರೆಳೆದು, ತುಟಿ ಬಿಗಿ ಹಿಡಿದು ಒಂದೇ ಸಲ ಜೋರಾಗಿ ಊದಬೇಕು. ಮೂರು ಸಲ ಊದಿ ಹೆಚ್ಚಿನದನ್ನು ಬರೆದುಕೊಳ್ಳಬೇಕು. ಸಂಜೆ 260 ಬರುವ ಮಗುವಿಗೆ ಬೆಳಗಿನ ಜಾವ 200 ಮಾತ್ರ ಬಂದರೆ, ಇಂಥ ಏರಿಳಿತ ದಿನದಿನವೂ ಕಂಡರೆ, ಅದು ಅಸ್ತಮಾದ ಸಹಿ ಎನ್ನಬಹುದು. ಸಣ್ಣ ಮಕ್ಕಳಿಗೆ ಊದಲು ಬರುವುದಿಲ್ಲ. ಅವರಲ್ಲಿ ವೈದ್ಯರು ಕೆಲವು ತಿಂಗಳು ಗಮನಿಸಿ, ಔಷಧಕ್ಕೆ ಹೇಗೆ ಸ್ಪಂದಿಸುತ್ತದೆಂದು ನೋಡಿಯೇ ತೀರ್ಮಾನಿಸಬೇಕಾಗುತ್ತದೆ. ತಾಯಿಗೆ ಇದು ತಡವೆನಿಸಬಹುದು, ಆದರೆ ಇದೇ ಸರಿಯಾದ ಕ್ರಮ. ಐದು ವರ್ಷದೊಳಗೆ ನೆಗಡಿಯೊಂದಿಗೆ ಸಿಳ್ಳೆ ಬರುವ ಮಕ್ಕಳಲ್ಲಿ ಎಷ್ಟೋ ಮಂದಿಗೆ ದೊಡ್ಡವರಾಗುತ್ತ ಅದು ತಾನಾಗಿಯೇ ನಿಲ್ಲುತ್ತದೆ.

ಅಸ್ತಮಾದಂತೆ ಕಂಡು ಅಸ್ತಮಾ ಅಲ್ಲದ್ದು ಕೆಲವುಂಟು. ನಮ್ಮ ಕಡೆ ಮರೆಯಬಾರದ್ದು ಶೇಂಗಾ. ಆಡುತ್ತ ಆಡುತ್ತ ಶೇಂಗಾ ಬೀಜ ಬಾಯಿಗೆ ಹಾಕಿಕೊಂಡ ಎರಡು ವರ್ಷದ ಮಗು ಒಮ್ಮೆಲೇ ಉಸಿರು ಕಟ್ಟಿ ಕೆಮ್ಮಿ, ಆಮೇಲೆ ಸುಧಾರಿಸಿದಂತೆ ಕಾಣಬಹುದು. ಬೀಜ ಮಾತ್ರ ಒಂದು ಕಡೆಯ ಕೊಳವೆಯಲ್ಲಿ ಸಿಕ್ಕಿಕೊಂಡು ಅಲ್ಲೇ ಸಿಳ್ಳೆ ಹಾಕಿಸುತ್ತಿರುತ್ತದೆ. ಹಿಂದೆಂದೂ ಇಲ್ಲದ ಉಬ್ಬಸ ಒಂದೇ ಗಳಿಗೆಯಲ್ಲಿ ಶುರುವಾಯಿತೆಂದರೆ ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಆ ಬೀಜವನ್ನು ದುರ್ಬೀನಿನ ಕೊಳವೆ ಇಳಿಸಿ ತೆಗೆಯಬೇಕಾಗುತ್ತದೆ. ಇನ್‌ಹೇಲರಿಗೆ ಅದು ಬಗ್ಗದು. ಎರಡು ವಾರ ಮೀರಿದ ಕೆಮ್ಮಿನ ಜೊತೆ ಜ್ವರ, ತೂಕ ಇಳಿಕೆ ಇದ್ದರೆ ಕ್ಷಯದ ಪರೀಕ್ಷೆ ಆಗಬೇಕು. ಜೋರು ಜ್ವರ, ವೇಗದ ಉಸಿರು ಇದ್ದರೆ ನ್ಯುಮೋನಿಯಾ ಇರಬಹುದು.

ಬೆಂಗಳೂರಿನ ಲೆಕ್ಕ, ಹಳ್ಳಿಯ ಲೆಕ್ಕ

ಕರ್ನಾಟಕದ ಮಕ್ಕಳಲ್ಲಿ ಅಸ್ತಮಾ ಎಷ್ಟು ಎಂದು ಕೇಳಿದರೆ ಮೊದಲು ನೆನಪಾಗುವುದು ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು 2002ರಲ್ಲಿ ಪ್ರಕಟಿಸಿದ ಲೆಕ್ಕ. ಆಸ್ಪತ್ರೆಗೆ ಬಂದ 18 ವರ್ಷದೊಳಗಿನ 20,000 ಮಕ್ಕಳನ್ನು ಆಧರಿಸಿದ ಆ ಅಧ್ಯಯನದಲ್ಲಿ ಅಸ್ತಮಾ ಇದ್ದವರು 1979ರಲ್ಲಿ ಶೇಕಡಾ 9, 1984ರಲ್ಲಿ 10.5, 1989ರಲ್ಲಿ 18.5, 1994ರಲ್ಲಿ 24.5, 1999ರಲ್ಲಿ 29.5. ಇಪ್ಪತ್ತು ವರ್ಷದಲ್ಲಿ ಮೂರು ಪಟ್ಟು! ಆದರೆ ಸಂಖ್ಯಾಶಾಸ್ತ್ರ ಓದುವ ನೀವು ಇಲ್ಲಿ ಒಂದು ಪ್ರಶ್ನೆ ಕೇಳಬೇಕು. ಇವರು ಆಸ್ಪತ್ರೆಗೆ ಬಂದ ಮಕ್ಕಳು. ಊರಿನ ಎಲ್ಲ ಮಕ್ಕಳಲ್ಲ. ಉಸಿರಿನ ತೊಂದರೆ ಇದ್ದವರೇ ಅಂಥ ಆಸ್ಪತ್ರೆಗೆ ಹೆಚ್ಚು ಹೋಗುತ್ತಾರೆ. ಆದ್ದರಿಂದ ಏರಿಕೆಯ ದಿಕ್ಕನ್ನು ನಂಬಬಹುದು, ಪ್ರಮಾಣವನ್ನು ಇಡೀ ನಗರಕ್ಕೆ ಅನ್ವಯಿಸಬಾರದು.

ಅದೇ ಲೇಖನದಲ್ಲಿರುವ ಶಾಲೆಗಳ ಸಮೀಕ್ಷೆ ಇನ್ನೂ ಉಪಯುಕ್ತ. 6ರಿಂದ 15 ವರ್ಷದ ಮಕ್ಕಳಲ್ಲಿ, ವಾಹನ ಕಡಿಮೆ ಇರುವ ಕಡೆಯ ಶಾಲೆಯಲ್ಲಿ ಸುಮಾರು ಶೇಕಡಾ 11, ವಾಹನ ದಟ್ಟಣೆಯ ಕಡೆ 19, ದಟ್ಟಣೆಯೂ ಬಡತನವೂ ಕೂಡಿದ ಕಡೆ 31. ಹಳ್ಳಿಗಾಡಿನ ಮಕ್ಕಳಲ್ಲಿ 5.7. ಹಳ್ಳಿಯಲ್ಲಿ ಕಡಿಮೆ ಎಂದು ಸಮಾಧಾನಪಡುವಂತಿಲ್ಲ. ನೂರು ಮಕ್ಕಳ ಶಾಲೆಯಲ್ಲಿ ಐದಾರು ಮಂದಿ ಎಂದರೆ ಪ್ರತಿ ಶಾಲೆಯಲ್ಲೂ ಇದ್ದಾರೆ ಎಂದೇ ಅರ್ಥ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಸುಮಾರು ಶೇಕಡಾ 13 ಮಂದಿ ಭಾರತದವರು. ಅಸ್ತಮಾದಿಂದ ಆಗುವ ಸಾವುಗಳಲ್ಲಿ ಮಾತ್ರ ಶೇಕಡಾ 40ಕ್ಕೂ ಹೆಚ್ಚು ಇಲ್ಲಿ ಆಗುತ್ತವೆ ಎಂದು ಜಾಗತಿಕ ಅಂದಾಜುಗಳು ಹೇಳುತ್ತವೆ. ಔಷಧ ಗೊತ್ತಿರುವ ಕಾಯಿಲೆಯಲ್ಲಿ ಈ ಅಂತರವಿರುವುದು ಯೋಚಿಸಬೇಕಾದ ಸಂಗತಿ.

ಕೆರಳಿಸುವ ಸಂಗತಿಗಳು: ನಮ್ಮ ನಾಲ್ಕು ತಾಲೂಕು

1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯ ಈ ನಾಲ್ಕು ತಾಲೂಕುಗಳ ಗಾಳಿ ಒಂದೇ ತೆರನಾದುದಲ್ಲ. ಹಾನಗಲ್ಲಿನ ಪಶ್ಚಿಮದ ಅಂಚು ಅರೆಮಲೆನಾಡು. ಮಳೆಗಾಲದಲ್ಲಿ ಹಂಚಿನ ಮನೆಯ ಮಣ್ಣಿನ ಗೋಡೆ ನೆನೆದು ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನ ಕಣಗಳು ಕೆಲವರ ಶ್ವಾಸನಾಳಕ್ಕೆ ಆಗಿಬರುವುದಿಲ್ಲ. ಭತ್ತದ ಸುಗ್ಗಿಯಲ್ಲಿ ಹೊಟ್ಟು ತೂರುವಾಗ ಏಳುವ ದೂಳೂ ಹಾಗೆಯೇ. ಹಿರೇಕೆರೂರಿನ ಕಡೆ ಗೋವಿನಜೋಳದ ರಾಶಿ ಮಾಡುವ ಯಂತ್ರ ಊರ ಪಕ್ಕದ ಕಣದಲ್ಲಿ ಓಡತೊಡಗಿದರೆ ಓಣಿಯೆಲ್ಲ ಕೆಂಪು ಸಿಪ್ಪೆಯ ದೂಳು. ಶಿಗ್ಗಾಂವಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿದೆ. ಲಾರಿಗಳ ಹೊಗೆ ಅದರ ಪಾಲು. ಸವಣೂರಿನ ಎಲೆ ಬಳ್ಳಿಯ ತೋಟದ ತಂಪು ಗಾಳಿಗೆ ದೋಷ ಹೇಳುವಂತಿಲ್ಲ, ಆದರೆ ಪ್ರಸಿದ್ಧವಾದ ಸವಣೂರು ಖಾರ ಕರಿಯುವ ಬಾಣಲೆಯ ಘಾಟು ಉಬ್ಬಸದ ಮಗುವಿಗೆ ಒಗ್ಗದು. ಪಕ್ಕದ ಬ್ಯಾಡಗಿಯಿಂದ ಮೆಣಸಿನಕಾಯಿ ತಂದು ಮನೆಯಲ್ಲಿ ಕುಟ್ಟಿಸುವ ದಿನ ಆ ಮಗುವನ್ನು ನೆರೆಮನೆಗೆ ಕಳಿಸುವುದು ಜಾಣತನ.

ಎಲ್ಲ ತಾಲೂಕಿಗೂ ಸಾಮಾನ್ಯವಾದದ್ದು ಒಲೆಯ ಹೊಗೆ. ಈಗ ಬಹಳ ಮನೆಗಳಲ್ಲಿ ಗ್ಯಾಸ್ ಇದೆ ನಿಜ. ಆದರೆ ರೊಟ್ಟಿಗೆ ಕಟ್ಟಿಗೆ ಒಲೆಯೇ ಬೇಕು, ಹಂಡೆಯ ನೀರಿಗೆ ಹತ್ತಿಕಟ್ಟಿಗೆ, ಕುಳ್ಳು. ಹೊಗೆಯ ಹೊತ್ತಿನಲ್ಲಿ ಮಗು ಒಲೆಯ ಮುಂದೆ ಓದುತ್ತ ಕೂರದಂತೆ ನೋಡಿಕೊಳ್ಳುವುದು ಖರ್ಚಿಲ್ಲದ ಕೆಲಸ. ಸೊಳ್ಳೆಬತ್ತಿ, ಊದಿನಕಡ್ಡಿ, ಲೋಬಾನ, ದೀಪಾವಳಿಯ ಪಟಾಕಿ, ಮನೆಯೊಳಗೆ ಸೇದುವ ಬೀಡಿ ಎಲ್ಲವೂ ಇದೇ ಜಾತಿಯವು. ಬೀಡಿ ಸೇದುವ ಹಿರಿಯರಿಗೆ ನೀವು ಬುದ್ಧಿ ಹೇಳುವುದು ಕಷ್ಟ; "ಅಜ್ಜಾ, ತಮ್ಮಗ ಉಸಿರು ಕಟ್ಟತೈತಿ, ಕಟ್ಟೀಮ್ಯಾಲ ಸೇದ" ಎಂದರೆ ಒಪ್ಪಬಹುದು.

ಕಣ್ಣಿಗೆ ಕಾಣದ ಇನ್ನೊಂದು ವೈರಿ ನಮ್ಮ ಪ್ರೀತಿಯ ಕೌದಿಯಲ್ಲಿದೆ. ಹಳೆಯ ಸೀರೆ ಪದರ ಹಾಕಿ ಹೊಲಿದ ಕೌದಿಯಲ್ಲಿ ನಮ್ಮ ಚರ್ಮದ ಉದುರು ಪುಡಿಯನ್ನು ತಿಂದು ಬದುಕುವ ದೂಳುನುಸಿಗಳಿರುತ್ತವೆ. ಕಚ್ಚುವುದಿಲ್ಲ, ಅವುಗಳ ಹಿಕ್ಕೆ ಮಗುವಿನ ಉಸಿರಿಗೆ ಸೇರುತ್ತದೆ. ರಾತ್ರಿ ಕೆಮ್ಮು ಹೆಚ್ಚಾಗಲು ಇದೂ ಒಂದು ಕಾರಣ. ವರ್ಷಕ್ಕೊಮ್ಮೆ ಹಬ್ಬಕ್ಕೆ ಕೆರೆಯಲ್ಲಿ ಒಗೆದರೆ ಸಾಲದು. ಆ ಮಗುವಿನ ಹಾಸಿಗೆಯಷ್ಟನ್ನಾದರೂ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಖಡಕ್ ಬಿಸಿಲಲ್ಲಿ ಒಣಗಿಸಬೇಕು.

ಬಯಲಲ್ಲಿ ಬೆಳೆದ ಕಾಂಗ್ರೆಸ್ ಕಸದ ವಿಷಯವನ್ನು ಎನ್‌ಎಸ್‌ಎಸ್ ಶಿಬಿರಕ್ಕೆ ಹೋಗುವವರು ಗಮನಿಸಿ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಂಡ ಈ ಕಳೆಯನ್ನು ತಿನ್ನಿಸಲು 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ದುಂಬಿಯನ್ನು ಬಿಟ್ಟದ್ದೂ ಆಯಿತು. ಕಸ ಇನ್ನೂ ಇದೆ. ಅದರ ಪರಾಗ ಮೂಗು, ಚರ್ಮ, ಶ್ವಾಸನಾಳ ಮೂರನ್ನೂ ಕೆರಳಿಸಬಲ್ಲದು. ಉಬ್ಬಸ ಇರುವವರನ್ನು ಹೂ ಬಿಟ್ಟ ಕಾಂಗ್ರೆಸ್ ಕೀಳಲು ಹಚ್ಚಬೇಡಿ.

ಹಾಗೆಂದು ಹೊಲ, ದನ, ದೂಳು ಎಲ್ಲವೂ ಅಸ್ತಮಾ ತರುತ್ತವೆ ಎಂದು ತಿಳಿಯಬಾರದು. ಹುಟ್ಟಿದಂದಿನಿಂದ ದನಕರುಗಳ ನಡುವೆ ಬೆಳೆದ ಮಕ್ಕಳಲ್ಲಿ ಅಸ್ತಮಾ ಕಡಿಮೆ ಎಂದು ಯುರೋಪಿನ ರೈತ ಮನೆಗಳ ಅಧ್ಯಯನಗಳು ತೋರಿಸಿವೆ. ಕಾಯಿಲೆ ಬರದಂತೆ ಕಾಯುವುದು ಬೇರೆ, ಬಂದ ಮೇಲೆ ಕೆರಳಿಸುವುದು ಬೇರೆ. ಎಲ್ಲಕ್ಕಿಂತ ಹೆಚ್ಚು ಕೆರಳಿಸುವುದು ಸಾಮಾನ್ಯ ನೆಗಡಿಯ ವೈರಸ್. ಮೃಗಶಿರ ಮಳೆಯೂ ಶಾಲೆಯ ಆರಂಭವೂ ಒಟ್ಟಿಗೆ ಬರುವ ಜೂನಿನಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಐವತ್ತು ಮಕ್ಕಳು ಕೂತಾಗ ನೆಗಡಿ ಹಬ್ಬಲು ಇನ್ನೇನು ಬೇಕು?

'ಪಂಪ್ ಹಚ್ಚಬ್ಯಾಡ್ರಿ, ಚಟ ಆಗ್ತೈತಿ'

ಈ ಮಾತನ್ನು ಕೇಳದ ಮನೆ ಇಲ್ಲ. ಇದರಿಂದಾದಷ್ಟು ಹಾನಿ ದೂಳಿನಿಂದಲೂ ಆಗಿರಲಿಕ್ಕಿಲ್ಲ ಎಂದು ನನ್ನ ಅಭಿಪ್ರಾಯ. ಲೆಕ್ಕದಿಂದಲೇ ಉತ್ತರ ಕೊಡೋಣ. ಸಾಲ್ಬುಟಮಾಲ್ ಎಂಬ ಔಷಧ ಮಾತ್ರೆಯಲ್ಲೂ ಬರುತ್ತದೆ, ಇನ್‌ಹೇಲರಿನಲ್ಲೂ ಬರುತ್ತದೆ. ಒಂದು ಮಾತ್ರೆಯಲ್ಲಿ 2 ಮಿಲಿಗ್ರಾಂ. ಇನ್‌ಹೇಲರಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ, ಅಂದರೆ 0.1 ಮಿಲಿಗ್ರಾಂ. ಒಂದು ಮಾತ್ರೆಯಲ್ಲಿ ಇಪ್ಪತ್ತು ಒತ್ತುಗಳಷ್ಟು ಔಷಧ! ಮಾತ್ರೆ ಹೊಟ್ಟೆಗೆ ಹೋಗಿ, ರಕ್ತದಲ್ಲಿ ಸೇರಿ, ಮೈಯೆಲ್ಲ ಸುತ್ತಿ, ಕೈ ನಡುಗಿಸಿ, ಎದೆ ಬಡಿತ ಏರಿಸಿ ಆಮೇಲೆ ಶ್ವಾಸಕೋಶಕ್ಕೆ ಬರುತ್ತದೆ. ಇನ್‌ಹೇಲರ್ ನೇರವಾಗಿ ಅಲ್ಲಿಗೇ ಹೋಗಿ ನಿಮಿಷಗಳಲ್ಲಿ ಸ್ನಾಯುವನ್ನು ಸಡಿಲಿಸುತ್ತದೆ. ಜಾಸ್ತಿ ಔಷಧ ಯಾವುದು, ನೀವೇ ಹೇಳಿ.

ಇನ್‌ಹೇಲರ್ ಹುಟ್ಟಿದ್ದೂ ನಿಮ್ಮ ವಯಸ್ಸಿನ ಒಬ್ಬ ಹುಡುಗಿಯ ಪ್ರಶ್ನೆಯಿಂದ. 1955ರಲ್ಲಿ ಅಮೆರಿಕದ ರೈಕರ್ ಔಷಧ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್‌ಗೆ ಅಸ್ತಮಾ ಇದ್ದ 13 ವರ್ಷದ ಮಗಳಿದ್ದಳು. ಆಗ ಔಷಧವನ್ನು ಗಾಜಿನ ಬುರುಡೆಗೆ ಸುರಿದು ರಬ್ಬರ್ ಚೆಂಡು ಹಿಚುಕಿ ಸೇದಬೇಕಿತ್ತು. ಕೂದಲಿಗೆ ಹೊಡೆಯುವ ಸ್ಪ್ರೇ ಡಬ್ಬಿಯಂತೆ ಇದನ್ನೂ ಏಕೆ ಮಾಡಬಾರದು ಎಂದು ಆಕೆ ಕೇಳಿದಳು. ಮರುವರ್ಷ, 1956ರಲ್ಲಿ, ಅಂಥ ಡಬ್ಬಿ ಮಾರುಕಟ್ಟೆಗೆ ಬಂತು.

ಈಗ ಎರಡು ಬಗೆಯ ಔಷಧಕ್ಕೆ ಬರೋಣ. ಬಿಗಿದ ಸ್ನಾಯುವನ್ನು ಸಡಿಲಿಸುವುದು ಶಮನದ ಔಷಧ. ಮೇಲೆ ಹೇಳಿದ ಸಾಲ್ಬುಟಮಾಲ್ ಆ ಬಗೆಯದು. ಊತವನ್ನು ಇಳಿಸುವುದು ತಡೆಯ ಔಷಧ. ಬುಡೆಸೊನೈಡ್, ಬೆಕ್ಲೊಮೆಥಾಸೋನ್ ಮೊದಲಾದ, ಸೇದುವ ಸ್ಟೀರಾಯ್ಡ್‌ಗಳು ಆ ಬಗೆಯವು. ಇದರಿಂದ ತಕ್ಷಣ ಹಾಯೆನಿಸುವುದಿಲ್ಲ, ಆದ್ದರಿಂದಲೇ ಜನ ಇದನ್ನು ಬಿಟ್ಟು ಬರೀ ಶಮನದ್ದನ್ನು ಹಿಡಿದುಕೊಳ್ಳುತ್ತಾರೆ. ಒಳಗಿನ ಊತ ಹಾಗೇ ಉಳಿದು ಒಂದು ದಿನ ದೊಡ್ಡದಾಗಿ ಕೆರಳುತ್ತದೆ. 12 ವರ್ಷ ಮೀರಿದವರು ಶಮನದ ಔಷಧವೊಂದನ್ನೇ ನೆಚ್ಚಬಾರದು ಎಂದು 2019ರಿಂದ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತಿದೆ. ಡಬ್ಬಿಯ ಬಣ್ಣ ನೋಡಿ ಇದು ಇಂಥದು ಎಂದು ನಂಬಬೇಡಿ, ಹೆಸರು ಓದಿ.

ಸ್ಟೀರಾಯ್ಡ್ ಎಂದ ಕೂಡಲೆ ಹೆದರಿಕೆ ಸಹಜ. ಸೇದುವ ಸ್ಟೀರಾಯ್ಡಿನ ಪ್ರಮಾಣ ಮೈಕ್ರೋಗ್ರಾಂಗಳಲ್ಲಿ. ಅಮೆರಿಕದಲ್ಲಿ ಮಕ್ಕಳನ್ನು ದೊಡ್ಡವರಾಗುವವರೆಗೆ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವರ್ಷಗಟ್ಟಲೆ ಬುಡೆಸೊನೈಡ್ ಸೇದಿದವರ ಎತ್ತರ ಉಳಿದವರಿಗಿಂತ ಸರಾಸರಿ 1.2 ಸೆಂಟಿಮೀಟರ್ ಕಡಿಮೆ ಇತ್ತು. ಇದನ್ನು ಮುಚ್ಚಿಡಬೇಕಾಗಿಲ್ಲ. ನಿದ್ದೆಗೆಟ್ಟು, ಶಾಲೆ ತಪ್ಪಿ, ಆಸ್ಪತ್ರೆ ಸೇರುವ ಬಾಲ್ಯದ ಮುಂದೆ ಆ 1.2 ಸೆಂಟಿಮೀಟರನ್ನು ಇಟ್ಟು ತೂಗಿ ನೋಡಿ. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಿಹುಣ್ಣಿನ ತೊಂದರೆಯೂ ತಪ್ಪುತ್ತದೆ. ನಿಜವಾಗಿ ಹೆದರಬೇಕಾದ್ದು ಹೆಸರಿಲ್ಲದ ಪುಡಿಗಳಿಗೆ. ಸಂತೆಯಲ್ಲಿ ಪೊಟ್ಟಣ ಕಟ್ಟಿ ಕೊಡುವ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಹಲವು ಸಲ ಪತ್ತೆಯಾಗಿದೆ; ಎಷ್ಟು ಬೆರೆತಿದೆಯೋ ಕೊಟ್ಟವನಿಗೂ ಗೊತ್ತಿರುವುದಿಲ್ಲ.

ಮಕ್ಕಳು ಇನ್‌ಹೇಲರನ್ನು ನೇರವಾಗಿ ಬಾಯಿಗಿಟ್ಟು ಒತ್ತಿದರೆ ಬಹುಪಾಲು ಔಷಧ ಗಂಟಲಿಗೇ ಅಂಟುತ್ತದೆ. ನಡುವೆ ಒಂದು ಪೊಳ್ಳು ಡಬ್ಬಿ, 'ಸ್ಪೇಸರ್', ಇರಬೇಕು. ಕೊಳ್ಳಲಾಗದಿದ್ದರೆ? ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನ ಮಕ್ಕಳ ವೈದ್ಯೆ ಹೆದರ್ ಜಾರ್ ಮತ್ತು ಸಂಗಡಿಗರು 500 ಮಿಲಿಲೀಟರಿನ ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಇನ್‌ಹೇಲರಿನ ಬಾಯಿಯಷ್ಟೇ ತೂತು ಮಾಡಿ, ಸಂದಿ ಮುಚ್ಚಿ ಬಳಸಿ ನೋಡಿದರು. ಅಂಗಡಿಯ ಸ್ಪೇಸರಿನಷ್ಟೇ ಚೆನ್ನಾಗಿ ಅದು ಕೆಲಸ ಮಾಡಿತೆಂದು 1999ರಲ್ಲಿ ವರದಿ ಮಾಡಿದರು. ಬಾಟಲಿ ತೊಳೆದು ಒಣಗಿರಬೇಕು, ಮೊದಲ ಕೆಲವು ಒತ್ತುಗಳನ್ನು ಒಳಗೋಡೆಗೆ ಬಿಟ್ಟುಬಿಡಬೇಕು. ವಿಜ್ಞಾನ ಮೇಳಕ್ಕೆ ಮಾದರಿ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯದು ಸಿಗಲಾರದು.

ಹೈದರಾಬಾದಿನಲ್ಲಿ ಮೃಗಶಿರ ಮಳೆ ಕೂಡುವ ದಿನ ಕೊಡುವ ಮೀನಿನ ಮದ್ದಿಗೆ ನಮ್ಮ ಕಡೆಯಿಂದಲೂ ಜನ ಹೋಗುತ್ತಾರೆ. ನಂಬಿಕೆಯನ್ನು ಹಂಗಿಸುವುದು ನನ್ನ ಉದ್ದೇಶವಲ್ಲ. ಆ ಮದ್ದು ಅಸ್ತಮಾವನ್ನು ಗುಣಪಡಿಸುತ್ತದೆಂದು ಸರಿಯಾದ ಪ್ರಯೋಗದಿಂದ ಸಿದ್ಧವಾಗಿಲ್ಲ. ಹೋಗುವವರು ಇನ್‌ಹೇಲರನ್ನು ಮನೆಯಲ್ಲಿ ಬಿಟ್ಟು ಹೋಗಬಾರದು, ಬಂದ ಮೇಲೆ ನಿಲ್ಲಿಸಲೂಬಾರದು. ಆಡುಸೋಗೆಯ ಕಷಾಯವೂ ಹಾಗೆ. ಅದರಲ್ಲಿರುವ ವಾಸಿಸಿನ್ ಎಂಬ ಸತ್ವದ ಮಾದರಿಯಿಂದಲೇ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಹುಟ್ಟಿದೆ, ನಮ್ಮ ಹಿರಿಯರ ತಿಳಿವಳಿಕೆ ಟೊಳ್ಳಲ್ಲ. ಆದರೆ ಉಸಿರು ಕಟ್ಟಿದ ಗಳಿಗೆಯಲ್ಲಿ ಕಷಾಯ ಕಾಯಿಸುತ್ತ ಕೂರಬಾರದು. ಪಕ್ಕೆ ಬಡಿಯುವ ಕೂಸಿಗೆ ಬರೆ ಹಾಕುವ ಪದ್ಧತಿಯ ಬಗ್ಗೆ ಮಾತ್ರ ಮೃದುವಾಗಿ ಹೇಳಲು ನನಗೆ ಸಾಧ್ಯವಿಲ್ಲ. ಅದು ಸುಟ್ಟ ಗಾಯ, ಅಷ್ಟೆ. ಎಲ್ಲಿಯಾದರೂ ಕಂಡರೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಬಾಳೆಹಣ್ಣು, ಮೊಸರು ಎಲ್ಲವನ್ನೂ ಬಂದ್ ಮಾಡುವ ಪಥ್ಯಕ್ಕೂ ಆಧಾರವಿಲ್ಲ. ಆಹಾರದಿಂದ ಉಬ್ಬಸ ಕೆರಳುವುದು ಕೆಲವೇ ಮಕ್ಕಳಲ್ಲಿ.

ಕೆರಳಿದಾಗ ನೀವು ಮಾಡಬೇಕಾದ್ದು

ಗೆಳೆಯನನ್ನು ಮಲಗಿಸಬೇಡಿ, ನೆಟ್ಟಗೆ ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಲಿ. ಸುತ್ತ ಗುಂಪು ಕಟ್ಟಬೇಡಿ. ಅವನದೇ ಶಮನದ ಇನ್‌ಹೇಲರನ್ನು ಕುಲುಕಿ ಸ್ಪೇಸರಿಗೆ ಹಾಕಿ ಒಂದು ಒತ್ತು. ಅವನು ನಾಲ್ಕು ಸಲ ಉಸಿರಾಡಲಿ. ಹೀಗೆ ಒಂದೊಂದಾಗಿ ನಾಲ್ಕು ಒತ್ತು. ನಾಲ್ಕು ನಿಮಿಷ ಕಾಯಿರಿ. ಕಡಿಮೆಯಾಗದಿದ್ದರೆ ಮತ್ತೆ ನಾಲ್ಕು. ಆಗಲೂ ಇಳಿಯದಿದ್ದರೆ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಇದನ್ನೇ ಮುಂದುವರಿಸಿ.

ಕೆಲವು ಲಕ್ಷಣ ಕಂಡರೆ ಎರಡನೆಯ ಸುತ್ತಿಗೆ ಕಾಯದೆ ಮೊದಲೇ ಕರೆ ಮಾಡಬೇಕು: ಒಂದು ವಾಕ್ಯ ಪೂರ್ತಿ ಹೇಳಲಾರದಷ್ಟು ಏದುಸಿರು, ಪಕ್ಕೆಲುಬಿನ ನಡುವೆ ಚರ್ಮ ಒಳಸರಿಯುವುದು, ತುಟಿ ನೀಲಿಯಾಗುವುದು, ಮಂಪರು. ಎಲ್ಲಕ್ಕಿಂತ ಮೋಸಗೊಳಿಸುವುದು ನಿಶ್ಶಬ್ದ. ಇಷ್ಟು ಹೊತ್ತು ಸಿಳ್ಳೆ ಹಾಕುತ್ತಿದ್ದ ಎದೆ ಸುಮ್ಮನಾಗಿ ಮಗು ಸೊರಗಿ ಕೂತರೆ "ಕಡಿಮಿ ಆತು" ಎಂದುಕೊಳ್ಳುತ್ತಾರೆ. ಸಿಳ್ಳೆ ಹೊರಡುವಷ್ಟೂ ಗಾಳಿ ಆಡುತ್ತಿಲ್ಲ ಎಂದು ಅದರ ಅರ್ಥವಿರಬಹುದು. ನಾಲ್ಕೂ ತಾಲೂಕು ಆಸ್ಪತ್ರೆಗಳಲ್ಲಿ ಮೊದಲ ಚಿಕಿತ್ಸೆ ಪಡೆದು, ಅಗತ್ಯವಿದ್ದರೆ ಹಾವೇರಿಗೋ ಹುಬ್ಬಳ್ಳಿಗೋ ಹೋಗಬಹುದು. ಮೊದಲೇ ಹುಬ್ಬಳ್ಳಿಯ ದಾರಿ ಹಿಡಿದು ಹೆದ್ದಾರಿಯಲ್ಲಿ ಹೊತ್ತು ಕಳೆಯುವುದು ಅಪಾಯ.

ಶಾಲೆಗಳ ವಿಷಯದಲ್ಲಿ ಎರಡು ಮಾತು. ಮಗುವಿನ ಇನ್‌ಹೇಲರನ್ನು ಆಫೀಸಿನ ಕಪಾಟಿನಲ್ಲಿ ಬೀಗ ಹಾಕಿ ಇಡುವ ಶಿಸ್ತು ಶಿಸ್ತಲ್ಲ. ಅದು ಮಗುವಿನ ಚೀಲದಲ್ಲಿರಬೇಕು. ಮಕ್ಕಳು ಒಳಗಿರುವಾಗ ತರಗತಿ ಗುಡಿಸಬಾರದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರಕಾರಿ ಶಾಲೆಗೆ ವರ್ಷಕ್ಕೊಮ್ಮೆ ಬರುತ್ತದೆ. ಅವರು ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಸಿಳ್ಳೆ ಬರಿಸುವ ಈ ಶ್ವಾಸನಾಳದ ತೊಂದರೆಯೂ ಇದೆ. ಆ ದಿನ "ಏನೂ ಇಲ್ರಿ ಸರ್" ಎನ್ನದೆ ರಾತ್ರಿಯ ಕೆಮ್ಮಿನ ಬಗ್ಗೆ ಬಾಯಿ ಬಿಟ್ಟು ಹೇಳಿ.

ಆಟ ಬಿಡಬೇಕೆ? ಬೇಡ. ಇಂಗ್ಲೆಂಡಿನ ಓಟಗಾರ್ತಿ ಪೌಲಾ ರ‍್ಯಾಡ್‌ಕ್ಲಿಫ್‌ಗೆ ಹದಿಹರೆಯದಿಂದಲೇ ಅಸ್ತಮಾ; ಆಕೆ 2003ರಲ್ಲಿ ಮಾಡಿದ ಮಹಿಳೆಯರ ಮ್ಯಾರಥಾನ್ ವಿಶ್ವದಾಖಲೆ 2019ರವರೆಗೆ ನಿಂತಿತ್ತು. ಖೊ ಖೊ, ಕಬಡ್ಡಿ ಆಡಿದರೆ ಉಬ್ಬಸ ಬರುವುದೆಂದರೆ ಕಾಯಿಲೆ ಹತೋಟಿಯಲ್ಲಿಲ್ಲ ಎಂದರ್ಥ. ಕಳೆದ ನಾಲ್ಕು ವಾರಗಳನ್ನು ನೆನೆದು ಕೇಳಿಕೊಳ್ಳಿ: ಹಗಲಿನಲ್ಲಿ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ತೊಂದರೆಯಾಯಿತೆ? ಉಬ್ಬಸದಿಂದ ರಾತ್ರಿ ಎಚ್ಚರವಾಯಿತೆ? ಶಮನದ ಇನ್‌ಹೇಲರ್ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಯಿತೆ? ಆಟಪಾಠ ಬಿಡಬೇಕಾಯಿತೆ? ಒಂದಕ್ಕೆ 'ಹೌದು' ಬಂದರೂ ಮತ್ತೆ ವೈದ್ಯರನ್ನು ಕಾಣಬೇಕು. ಆರಾಮಾಯಿತೆಂದು ತಡೆಯ ಔಷಧವನ್ನು ತಾವೇ ನಿಲ್ಲಿಸಬಾರದು. ಕೆಲವು ತಿಂಗಳು ಹತೋಟಿಯಲ್ಲಿದ್ದರೆ ವೈದ್ಯರೇ ಮೆಲ್ಲಗೆ ಇಳಿಸುತ್ತಾರೆ. ಜನೌಷಧಿ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಔಷಧಗಳ ಪಟ್ಟಿಯಲ್ಲಿ ಇನ್‌ಹೇಲರುಗಳೂ ಇವೆ, ವಿಚಾರಿಸಿ.

ಕೊನೆಯದಾಗಿ ಡಬ್ಬಿಯ ಲೆಕ್ಕ. ಔಷಧ ಮುಗಿದ ಮೇಲೂ ಡಬ್ಬಿಯಿಂದ ಗಾಳಿ 'ಫುಸ್' ಎನ್ನುತ್ತಲೇ ಇರುತ್ತದೆ. ಕುಲುಕಿದರೆ ಗೊತ್ತಾಗದು, ನೀರಲ್ಲಿ ತೇಲಿಸಿ ನೋಡುವ ಉಪಾಯವನ್ನೂ ನಂಬುವಂತಿಲ್ಲ. ಡಬ್ಬಿಯ ಮೇಲೆ ಎಷ್ಟು ಒತ್ತು ಎಂದು ಬರೆದಿರುತ್ತದೆ, ಸಾಮಾನ್ಯವಾಗಿ 200. ಬೆಳಿಗ್ಗೆ ಎರಡು, ಸಂಜೆ ಎರಡು ತೆಗೆದುಕೊಳ್ಳುವವರಿಗೆ ಅದು 50 ದಿನ ಬರುತ್ತದೆ. ಡಬ್ಬಿ ಒಡೆದ ದಿನ ಅದಕ್ಕೊಂದು ಕಾಗದದ ಪಟ್ಟಿ ಅಂಟಿಸಿ ತಾರೀಕು ಬರೆಯಿರಿ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ 45ನೆಯ ದಿನಕ್ಕೆ ಗುರುತು ಹಾಕಿ, ಆ ವಾರದ ಸಂತೆಗೆ ಹೋಗುವವರ ಕೈಯಲ್ಲಿ ಹೊಸ ಡಬ್ಬಿ ತರಿಸಿಡಿ.